ಟೆಲಿಫೋನ್ ಆಪರೇಟರ್ ಹುದ್ದೆ ರದ್ದು

ಅಪ್ಪಾ,

ಇವತ್ತು ನನ್ನ ಕೆಲಸ ಹೋಯಿತು. ಆಸ್ಪತ್ರೆಯವರು ಟೆಲಿಫೋನ್ ಆಪರೇಟರ್ ಹುದ್ದೆಯನ್ನೇ ರದ್ದು ಮಾಡಿದ್ದಾರೆ.

"ನಾನು ಫೋನ್ ಮುಟ್ಟಿ ವರ್ಷಗಳೇ ಆದವಲ್ಲ ಸಾರ್. ತುರ್ತು ವಿಭಾಗದ ಕೌಂಟರಿನಲ್ಲಿ ಕೂರೋದು ನಾನೇ ಅಲ್ವಾ?" ಎಂದೆ.

ಮ್ಯಾನೇಜರ್ ಫೈಲು ತಿರುವಿದರು. "ಇದರಲ್ಲಿ ಆಪರೇಟರ್ ಅಂತಲೇ ಇದೆಯಲ್ಲಮ್ಮ. ಕೌಂಟರಿಗೆ ಹೊಸಬರನ್ನ ತಗೊಳ್ತಿದ್ದಾರೆ, ಬೇಕಾದ್ರೆ ಅರ್ಜಿ ಹಾಕಿ. ಅನುಭವ ಇರೋರೇ ಬೇಕಂತೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಮೊದಲು ಕೌಂಟರಿನಲ್ಲಿದ್ದ ಹುಡುಗಿ ಹೆರಿಗೆ ರಜೆ ಮುಗಿಸಿ ಬರುವವರೆಗೆ ಸಾಕು ಎಂದು ನನ್ನನ್ನು ಕೂರಿಸಿದ್ದರು. ಅವಳು ಬರಲೇ ಇಲ್ಲ. "ಕೌಂಟರ್ ಕೆಲಸಕ್ಕೆ ಹೊಸ ಆರ್ಡರ್ ಬರೆದು ಕೊಡಿ ಅಂತ ಕೇಳು ಮಗಳೇ" ಎಂದು ನೀವು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಿರಿ. "ಅವರೇನು ಓಡಿಹೋಗ್ತಾರಾ?" ಎಂದು ನಾನು ನಿಮ್ಮ ಬಾಯಿ ಮುಚ್ಚಿಸುತ್ತಿದ್ದೆ.

ಕೆಲಸದಿಂದ ತೆಗೆದ ಪತ್ರಕ್ಕೆ ಸಹಿ ಮಾಡಿಲ್ಲ. ನಾಳೆ ವಕೀಲರನ್ನು ನೋಡುತ್ತೇನೆ. ಕೌಂಟರಿನಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ತನ್ನಿ ಎಂದು ಫೋನಿನಲ್ಲಿ ಹೇಳಿದ್ದಾರೆ.

ನಿಮ್ಮನ್ನು ಕೊನೆಯ ಸಲ ಆಸ್ಪತ್ರೆಗೆ ಕರೆತಂದಾಗ ನಾನು ಅದೇ ಕುರ್ಚಿಯಲ್ಲಿದ್ದೆ. ನಿಮ್ಮ ಹೆಸರು, ವಯಸ್ಸು ಬರೆದುಕೊಂಡೆ. ಸ್ಟ್ರೆಚರ್ ಒಳಗೆ ಹೋಯಿತು. ಸಾಲು ಉದ್ದವಿತ್ತು. ಮುಂದಿನವರನ್ನು ಕರೆದೆ.

ಕಾಗದದ ಪ್ರಕಾರ ಅವತ್ತು ನಾನು ಅಲ್ಲಿ ಇರಲೇ ಇಲ್ಲ.