ಎಡಕ್ಕೇ ಎತ್ತಿದ ಚೆಂಡು

ಕೃಷ್ಣರಾಜಪೇಟೆ
೨೦.೧.೨೦೨೫

ಲೇ ಹೊನ್ನಪ್ಪ,

ಹೆಂಗಿದ್ದೀಯ? ನಾಗಮಂಗಲದಲ್ಲಿ ಮನೇರೆಲ್ಲ ಸಂದಾಗವ್ರಾ? ವಿಶ್ವವಿದ್ಯಾಲಯದ ವಾಲಿಬಾಲ್ ತಂಡಕ್ಕೆ ಆರಿಸಬೇಕು, ನಿಮ್ಮ ಕಾಲೇಜಿನ ರಂಜಿತ ಹೆಂಗೆ ಅಂತ ಬರಿ ಅಂತ ನೀನು ಕೇಳಿದ್ದೆ. ತಡ ಆಯ್ತು, ಬೈಬ್ಯಾಡ. ಫೋನಲ್ಲಿ ಹೇಳಕ್ಕೋದ್ರೆ ಕಿರುಚಿಬುಡ್ತೀನಿ, ಅದಕ್ಕೇ ಕಾಗದ.

ಮೊದ್ಲು ಅವಳ ಕೈ. ಚೆಂಡು ಎತ್ತಿಕೊಡೋ ಸೆಟ್ಟರ್ ಕೆಲಸ ನೀನೂ ಮಾಡಿದೋನು, ನಿಂಗೇನು ಹೇಳ್ಕೊಡೋದು? ನೆಟ್ಟಿನ ಪಕ್ಕ ಸೈಕಲ್ ಟಯರು ಕಟ್ಟಿ ಇಪ್ಪತ್ತು ಚೆಂಡು ಎತ್ತಿಸ್ದೆ. ಹದಿನೆಂಟು ಒಳಗೇ ಬಿದ್ದೋ! ಬೆರಳು ಮುಟ್ಟಿದ ಸದ್ದೂ ಬರಲ್ಲ ಕಣ್ಲಾ. ನೀನು ಎತ್ತುದ್ರೆ ರೊಟ್ಟಿ ತಟ್ಟಿದಂಗೆ ಸದ್ದಾಗೋದು. ಕೈಗೆ ಹತ್ತಕ್ಕೆ ಹತ್ತು.

ತಲೆಗೆ ಎಷ್ಟು ಹಾಕ್ಲಿ, ನೀನೇ ಹೇಳು. ಹೋದ ಶನಿವಾರ ಶ್ರೀರಂಗಪಟ್ಟಣದಲ್ಲಿ ಫೈನಲ್ಲು. ಎರಡೆರಡು ಸೆಟ್ಟು ಸಮ. ಕೊನೇ ಸೆಟ್ಟಲ್ಲಿ ಈ ಹುಡುಗಿ ಚೆಂಡು ಸಿಕ್ಕಿದಾಗಲೆಲ್ಲ ಎಡಕ್ಕೇ ಎತ್ತುತಾಳೆ, ನಮ್ಮ ಚಿನ್ನೂಗೆ! ನನ್ನ ಮಗಳೇ, ಆದ್ರೂ ಹೇಳ್ತೀನಿ, ಅವತ್ತು ಅವಳ ಹೊಡೆತ ನಡೀಲಿಲ್ಲ. ಎದುರಿಗೆ ಇಬ್ಬರು ಗೋಡೆ ನಿಂತಂಗೆ ನಿಂತವ್ರೆ. ಬಲಗಡೆ ಪ್ರಜ್ಞ ಕೈಯೆತ್ತಿ ಕೂಗ್ತಾವ್ಳೆ, ಅವಳ ಮುಂದೆ ಒಂದು ನರಪಿಳ್ಳೆ ಇಲ್ಲ. "ಬಲಕ್ಕೆ, ಬಲಕ್ಕೆ!" ಅಂತ ಗಂಟಲು ಹರ್ಕೊಂಡೆ. "ಆಯ್ತು ಸಾರ್" ಅಂದೋಳು ಮತ್ತೆ ಎಡಕ್ಕೇ. ಹದಿಮೂರು ಹದಿನಾಲ್ಕು ಇದ್ದಾಗ ಕೊನೇ ಚೆಂಡೂ ಚಿನ್ನೂಗೇ. ಅವರು ತಡೆದು ನಮ್ಮ ಕಡೆಗೇ ಕೆಡವಿದ್ರು. ಮೂರು ತಿಂಗಳ ಪಾಡು ಹೊಳೇಲಿ ಹುಣಸೇಹಣ್ಣು ತೊಳೆದಂಗಾಯ್ತು.

ಬಸ್ಸಲ್ಲಿ ಪಕ್ಕ ಕೂರಿಸ್ಕೊಂಡು ಕೇಳ್ದೆ, "ಯಾಕಮ್ಮಾ ಇಂಗ್ ಮಾಡ್ದೆ? ಕಣ್ಣು ಕಾಣಲ್ವಾ?"

"ಕಾಣ್ತಿತ್ತು ಸಾರ್. ಚಿನ್ನಕ್ಕನ ಅತ್ತೆ ಮಾವ ಆಗೋರು ಬಂದು ಕುಂತಿದ್ರಲ್ಲ" ಅಂದ್ಲು. "ಮದ್ವೆ ಆದ್ಮೇಲೆ ಆಡಂಗಿಲ್ಲ ಅಂದವ್ರಂತೆ. ಅಕ್ಕ ಹೊಡೆಯೋದು ಕಣ್ಣಾರೆ ನೋಡಿದ್ರೆ ಮನ್ಸು ಕರಗ್ಬೋದು ಅಂತ ಕೊಟ್ಟೆ. ಅಕ್ಕ ಏನೂ ಕೇಳ್ಕೊಂಡಿಲ್ಲ, ಬಯ್ಯೋದಾದ್ರೆ ನನ್ನೇ ಬಯ್ಯಿರಿ."

ಮೈಯೆಲ್ಲ ಉರಿದೋಯ್ತು. ಪಂದ್ಯ ಅಂದ್ರೆ ಹೆಣ್ಣು ತೋರ್ಸೋ ಶಾಸ್ತ್ರನಾ? ಹನ್ನೆರಡು ಮಕ್ಕಳ ಬೆವರು ನೀರುಪಾಲು ಮಾಡ್ದೆಯಲ್ಲ ಅಂತ ಪಾಂಡವಪುರ ದಾಟೋವರ್ಗೂ ಕೂಗಾಡ್ದೆ. ಚಿನ್ನು ಹಿಂದಿನ ಸೀಟಲ್ಲಿ ಕಿಟಕಿ ಕಡೆ ಮುಖ ಮಾಡಿ ಕುಂತಿದ್ಲು.

ತಲೆಗೆ ಹತ್ತಕ್ಕೆ ಮೂರು ಅಂತ ಬರೆದೆ, ಹೊಡೆದಾಕ್ದೆ, ಮತ್ತೆ ಬರೆದೆ. ಮೂರೇ ಇರಲಿ. ಕನಿಕರದಲ್ಲಿ ಪಂದ್ಯ ಗೆಲ್ಲಕ್ಕಾಗಲ್ಲ. ಆರಿಸೋದು ಬುಡೋದು ನಿಂಗೆ ಸೇರಿದ್ದು.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು, ದೇವರು ನಿಮ್ಮನ್ನ ತಣ್ಣಗಿಟ್ಟಿರಲಿ. ಮದ್ವೆಗೆ ಎರಡು ದಿನ ಮುಂಚೇನೇ ಬಂದ್ಬುಡು.

ನಿನ್ನ
ಚಿಕ್ಕಸ್ವಾಮಿ

ತಾ.ಕ.: ಅಂಟಿಸಿದ್ದ ಲಕೋಟೆ ಹರಿದು ಬರೀತಾ ಇದೀನಿ. ಪಂದ್ಯ ಮುಗಿದ ಮೇಲೆ ಬೀಗರು ದೇವಯ್ಯನವರು ನನ್ನ ಕೈ ಹಿಡ್ಕೊಂಡು, "ಹುಡುಗಿ ಚೆನ್ನಾಗಾಡ್ತಾಳಲ್ಲ ಮೇಷ್ಟ್ರೇ, ಯಾಕೆ ಬುಡಿಸ್ತೀರಿ?" ಅಂದ್ರು. ಅವರು ಯಾವತ್ತೂ ಆಡಬ್ಯಾಡ ಅಂದೇ ಇಲ್ಲ ಕಣ್ಲಾ. ಹೆಣ್ಣು ನೋಡಕ್ಕೆ ಬಂದ ದಿನ, ಅವರಿಗೆ ಹಿಡಿಸ್ಲಿ ಅಂತ, ಯಾರೂ ಕೇಳ್ದೇನೇ ನಾನೇ ಬಾಯಿ ಹಾಕಿದ್ದೆ: "ಮದ್ವೆ ಆದ್ಮೇಲೆ ಆಟಗೀಟ ಏನಿಲ್ಲ, ಬುಡುಸ್ಬುಡ್ತೀವಿ." ಚಿನ್ನು ಅತ್ತಾಗ, ಅವರದ್ದೇ ಷರತ್ತು ಅಂದುಬುಟ್ಟೆ. ಈಗ ನಿಜ ಹೇಳಿದ್ರೆ ನನ್ನ ಮುಖ ನೋಡ್ತಾಳಾ? ಇವತ್ತು ಬೆಳಿಗ್ಗೆ ಚಿನ್ನು ತನ್ನ ಆಟದ ಷೂ ತೊಳೆದು ಒಣಗಿಸಿ ರಂಜಿತಂಗೆ ಕೊಟ್ಬುಟ್ಳು. ನಾನು ಅಲ್ಲೇ ನಿಂತಿದ್ದೆ.