ಇಬ್ಬರಿಗೊಂದು ಕನ್ನಡಕ

ಬನಶಂಕರಿ ಎರಡನೇ ಹಂತ
ಬುಧವಾರ, 12 ಫೆಬ್ರವರಿ 2025

ಅಕ್ಕಾ,

‘ಪ್ರೀತಿಯ ಅಕ್ಕನಿಗೆ’ ಎಂದು ಬರೆಯಲು ಕೈ ಬರಲಿಲ್ಲ. ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ. ಆದರೂ ಅವ್ವ ಕಲಿಸಿದ ಪದ್ಧತಿ ಬಿಡುವವಳಲ್ಲ ನಾನು, ಮೊದಲು ಆರೋಗ್ಯ ಕೇಳುತ್ತೇನೆ. ಮಂಡಿ ನೋವು ಹೇಗಿದೆ? ಬಿ.ಪಿ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತೀಯಾ, ಅಥವಾ ಇಲ್ಲಿ ಮಾಡುತ್ತಿದ್ದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮರೆತುಬಿಡುತ್ತೀಯಾ? ತಲಘಟ್ಟಪುರದಲ್ಲಿ ಮಗಳ ಮನೆ ತುಂಬ ಗಾಳಿ ಬೆಳಕು ಇದೆಯಂತೆ, ನಿನ್ನ ಅಳಿಯ ಸಿದ್ಧಾರ್ಥ ಹೇಳಿದ. ಇರಲಿ, ಅನುಭವಿಸು. ನನಗೇನೂ ಹೊಟ್ಟೆಯುರಿ ಇಲ್ಲ. ನಾನೂ ಚೆನ್ನಾಗಿದ್ದೇನೆ, ಕಣ್ಣೊಂದು ಬಿಟ್ಟು.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಿನ್ನ ಮಗಳು ನಗಬಹುದು. ನಗಲಿ. ನೀನು ಫೋನು ಎತ್ತುವುದಿಲ್ಲ. ಒಂದು ಸಲ ಅಪ್ಪಿತಪ್ಪಿ ಎತ್ತಿ, “ರಾಂಗ್ ನಂಬರ್” ಎಂದು ನಿನ್ನದೇ ದನಿಯಲ್ಲಿ ಹೇಳಿ ಇಟ್ಟೆ. ನಿನ್ನ ಲಂಗ ಹಿಡಿದುಕೊಂಡು ಬೆಳೆದವಳಿಗೆ ನಿನ್ನ ದನಿ ಗೊತ್ತಾಗುವುದಿಲ್ಲವೇ? ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಒಂದು ಕೋಳಿನಿದ್ದೆ ತೆಗೆಯುವಷ್ಟರಲ್ಲಿ ನಿಮ್ಮ ಸ್ಟೇಷನ್ನು ಬರುತ್ತದೆ. ಅಷ್ಟು ಹತ್ತಿರ ಇದ್ದುಕೊಂಡು ಇಷ್ಟು ದೂರ ಹೋಗಿ ಕೂತವರನ್ನು ನಾನು ನೋಡಿಲ್ಲ. ನಾನೇ ಬರಬಹುದಿತ್ತು. ಬರುವುದಿಲ್ಲ. ಚಿಕ್ಕವಳು ಚಿಕ್ಕವಳು ಎಂದು ಜೀವಮಾನವೆಲ್ಲ ನಾನೇ ಬಗ್ಗಿದ್ದು ಸಾಕು.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಸೇರಿ ಸೀರೆ ಸೆರಗಿಗೆ ಕುಚ್ಚು ಕಟ್ಟುವ ಈ ಅಂಗಡಿ ಇಟ್ಟಾಗ ನನಗೆ ಸೂಜಿಯ ಕಣ್ಣು ಕತ್ತಲಲ್ಲೂ ಕಾಣುತ್ತಿತ್ತು. ಆಮೇಲೆ ಮೊದಲು ನಿನಗೆ ಮಂಜಾಯಿತು, ಹಿಂದೆಯೇ ನನಗೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ನೀನು ಕೇಳಲಿಲ್ಲ. ನೀನೇ ಹೋಗಿ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಒಂದು ರೆಡಿಮೇಡ್ ಕನ್ನಡಕ ಕೊಂಡು ತಂದೆ, ಇಬ್ಬರಿಗೂ ಇದೇ ಸಾಕು ಎಂದೆ. ಉಳಿಕೆ ರೇಷ್ಮೆ ನೂಲಿನಲ್ಲಿ ಅದಕ್ಕೊಂದು ಹುರಿ ಹೆಣೆದು, ನಮ್ಮಿಬ್ಬರ ಸ್ಟೂಲುಗಳ ನಡುವಿನ ಮೊಳೆಗೆ ನೇತು ಹಾಕಿದೆ. ನಾನು ನೂಲು ಪೋಣಿಸುವಾಗ ನನಗೆ, ನೀನು ಗಂಟಿನ ಸಾಲು ನೋಡುವಾಗ ನಿನಗೆ. ಪಕ್ಕದ ಹೂವಿನ ಮುನಿಯಕ್ಕ ಎಷ್ಟು ಆಡಿಕೊಳ್ಳುತ್ತಿದ್ದಳು, “ಅಕ್ಕತಂಗೀರು ಗಂಡಂದಿರನ್ನ ಬೇರೆಬೇರೆ ತಗೊಂಡ್ರಿ, ಕನ್ನಡಕ ಮಾತ್ರ ಒಂದೇ” ಎಂದು. ಅದರ ಪವರು ನಿನ್ನ ಕಣ್ಣಿಗೂ ಸರಿಯಿರಲಿಲ್ಲ, ನನ್ನ ಕಣ್ಣಿಗೂ ಸರಿಯಿರಲಿಲ್ಲ. ಹಾಗೇ ವರ್ಷಗಳು ಕಳೆದವು.

ಈಗ ಹತ್ತಿರದ್ದು ಮಾತ್ರವಲ್ಲ, ದೂರದ್ದೂ ಕೈಕೊಟ್ಟಿದೆ. ಬಾಗಿಲಲ್ಲಿ ನಿಂತ ಗಿರಾಕಿ ಯಾರು ಎಂದು ಅವರು ಬಾಯಿ ಬಿಡುವ ತನಕ ತಿಳಿಯುವುದಿಲ್ಲ. ಆ ಕನ್ನಡಕ ಹಾಕಿಕೊಂಡರೆ ಸೂಜಿ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಮೂಗಿನ ತುದಿಗೆ ಇಳಿಸಿ ಮೇಲಿಂದ ನೋಡಿದರೆ ಎರಡೂ ಅರೆಬರೆ. ಕಳೆದ ವಾರ ಜೆ.ಪಿ. ನಗರಕ್ಕೆ ಹೋಗಬೇಕಾದವಳು ಬಸ್ಸಿನ ಬೋರ್ಡು ತಪ್ಪಾಗಿ ಓದಿ ಮಡಿವಾಳ ಮಾರ್ಕೆಟ್ಟಿನಲ್ಲಿ ಇಳಿದೆ. ಗಿರಾಕಿಯ ಸೀರೆ ಕಂಕುಳಲ್ಲಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಎದುರಿಗೆ. ವಾಪಸು ಬರುವಷ್ಟರಲ್ಲಿ ಸೂರ್ಯ ಮುಳುಗಿದ್ದ. ದಾರಿಯುದ್ದಕ್ಕೂ ನಿನ್ನನ್ನೇ ಬೈದುಕೊಂಡೆ. ನೀನು ಜೊತೆಗಿದ್ದಿದ್ದರೆ ಬೋರ್ಡನ್ನಾದರೂ ಓದಿ ಹೇಳುತ್ತಿದ್ದೆ. ದೂರದ ದೃಷ್ಟಿ ನಿನ್ನದು ಇನ್ನೂ ಗಟ್ಟಿ, ದೂರದಿಂದ ನೋಡುವುದರಲ್ಲಿ ಮೊದಲಿಂದಲೂ ಜಾಣೆ ನೀನು.

ನೀನು ಹೋದ ದಿನದ ಮಾತು ಎತ್ತಬಾರದು ಎಂದುಕೊಂಡಿದ್ದೆ. ಎತ್ತದೆ ಇದ್ದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ. ಕಾರ್ತೀಕದ ಮದುವೆಗಳ ಗಡಿಬಿಡಿ ಅದು. ಅರಿಶಿನ ಬಣ್ಣದ ಧಾರೆ ಸೀರೆ, ಕಡು ನೀಲಿ ಅಂಚು. ನೂಲು ಆರಿಸಿದವಳು ನೀನು, ಗಂಟು ಹಾಕಿದವಳು ನಾನು. ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ತಾಯಿ ಬಂದು ಟ್ಯೂಬ್‌ಲೈಟಿನ ಕೆಳಗೆ ಸೆರಗು ಬಿಡಿಸಿದರು. “ಅಯ್ಯೋ, ಧಾರೆ ಸೀರೆಗೆ ಕಪ್ಪು ಕುಚ್ಚು ಕಟ್ಟಿದ್ದೀರಲ್ರೀ! ನಮ್ಮನೆ ಮಗೂಗೆ ಕೇಡು ಬಯಸ್ತೀರಾ?” ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದರು. ಮುನಿಯಕ್ಕ ಹೂವು ಕಟ್ಟುವುದು ಬಿಟ್ಟು ಎದ್ದು ಬಂದಳು. ನೀನು ಮೊಳೆಯಿಂದ ಕನ್ನಡಕ ತೆಗೆದು ಹಾಕಿಕೊಂಡೆ, ನೋಡಿದೆ, “ಹೌದು, ಕಪ್ಪೇ” ಎಂದೆ. ಅಷ್ಟೇ. ವಾದ ಮಾಡಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಕತ್ತರಿ ಎತ್ತಿಕೊಂಡು, ನಾನು ಮೂರು ದಿನ ಕೂತು ಹಾಕಿದ ಗಂಟುಗಳನ್ನು ನೀನು ಕರಕರ ಕತ್ತರಿಸಿದೆ.

ನನಗೆ ರೇಗಿತು, ಯಾರಿಗೆ ರೇಗುವುದಿಲ್ಲ? “ಕಣ್ಣು ಕಾಣದೆ ಇದ್ರೆ ಮನೇಲಿ ಬಿದ್ದಿರಬೇಕು, ಅಂಗಡೀಲಿ ಕೂತು ಯಾಕೆ ನನ್ನ ಮಾನ ಕಳೀತೀಯ?” ಎಂದೆ. ಗಿರಾಕಿಯ ಮುಂದೆ ಅಂದೆ. ಅಂದದ್ದನ್ನು ಇಲ್ಲ ಎನ್ನುವುದಿಲ್ಲ. ಆದರೆ ನೀನು ಮಾಡಿದ್ದೇನು? ರಾತ್ರಿಯೆಲ್ಲ ಕೂತು ಅರಿಶಿನ ನೂಲಿನಲ್ಲಿ ಸಾದಾ ಕುಚ್ಚು ಕಟ್ಟಿ ಮುಗಿಸಿದೆ. ಮಾರನೇ ದಿನ ಸೀರೆ ಕೊಟ್ಟು, ಬ್ಯಾಗು ಎತ್ತಿಕೊಂಡು, “ಇನ್ನು ನಿನ್ನ ಮಾನ ನೀನೇ ಕಾಯ್ಕೋ” ಎಂದು ಹೊರಟೆ. ಒಂದು ಮಾತಿಗೆ ಇಷ್ಟು ವರ್ಷದ ಅಂಗಡಿಯನ್ನು ಬಿಟ್ಟು ಹೋಗುವವಳು ಅಕ್ಕ ಹೇಗಾದಾಳು? ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟಿಳಿದ ಮೇಲೆ ಬರುವುದಿಲ್ಲ ಎಂದು ನನಗೆ ಹೇಳಿಕೊಡುತ್ತಿದ್ದವಳು ನೀನೇ.

ಮಡಿವಾಳದ ಪ್ರಸಂಗ ಆದ ಮೇಲೆ ನಮ್ಮ ಯಜಮಾನರು ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ಮೂಲೆಯ ಕನ್ನಡಕದ ಅಂಗಡಿಗೆ ಹೋದೆ. ಶಿವರಾಜ್ ಅಂತ ಒಬ್ಬ, ಮಾತು ಜಾಸ್ತಿ. ಗೋಡೆಯ ಮೇಲಿನ ಅಕ್ಷರ ಓದಿ ಎಂದ. “ನನಗೇನು ಅಕ್ಷರ ಓದೋ ಕೆಲಸ ಇಲ್ಲಪ್ಪ, ಇದು ಕಾಣೋ ಹಂಗೆ ಮಾಡು” ಎಂದು ಚೀಲದಿಂದ ನೂಲಿನ ಉಂಡೆಗಳನ್ನು ತೆಗೆದು ಅವನ ಮೇಜಿನ ಮೇಲೆ ಹರಡಿದೆ. ಅವನು ಭಾರದ ಕಬ್ಬಿಣದ ಫ್ರೇಮು ಮುಖಕ್ಕೆ ಸಿಕ್ಕಿಸಿ, ಗಾಜು ಬದಲಾಯಿಸಿ ಬದಲಾಯಿಸಿ, ಕೊನೆಗೆ ಹತ್ತಿರಕ್ಕೊಂದು ದೂರಕ್ಕೊಂದು ನಂಬರು ಬರೆದ. ಎರಡು ಕನ್ನಡಕ ಬೇಡ, ಪ್ರೋಗ್ರೆಸಿವ್ ಮಾಡಿಸಿಕೊಳ್ಳಿ ಎಂದ. ಒಂದೇ ಗಾಜು, ಮಧ್ಯೆ ಗೆರೆ ಇರುವುದಿಲ್ಲ. ಮೇಲುಗಡೆಯಿಂದ ಬಸ್ಸಿನ ಬೋರ್ಡು, ನಡುವಿನಿಂದ ಗಿರಾಕಿಯ ಮುಖ, ಕೆಳಗಿನಿಂದ ಸೂಜಿ.

ಕೇಳಲು ಚೆನ್ನಾಗಿದೆ. ಆಮೇಲೆ ಒಂದೊಂದೇ ತಕರಾರು ಹೊರಗೆ ಬಂತು. ಪಕ್ಕಗಳಲ್ಲಿ ಮಸುಕಂತೆ, ಕಡೆಗಣ್ಣಿನಲ್ಲಿ ನೋಡುವ ಹಾಗಿಲ್ಲವಂತೆ. ಏನು ನೋಡಬೇಕೋ ಅದರ ಕಡೆಗೆ ಮೂಗು ತಿರುಗಿಸಬೇಕಂತೆ. ಮೆಟ್ಟಿಲು ಇಳಿಯುವಾಗ ತಲೆ ಪೂರ್ತಿ ಬಗ್ಗಿಸಬೇಕಂತೆ, ಇಲ್ಲದಿದ್ದರೆ ನೆಲ ತೇಲಿದಂತೆ ಕಾಣುತ್ತದಂತೆ. ಮೊದಮೊದಲು ತಲೆ ಸುತ್ತುತ್ತದೆ, ಬಿಡದೆ ಹಾಕಿಕೊಂಡರೆ ಒಗ್ಗುತ್ತದೆ ಎಂದ. ಇದೆಲ್ಲ ಹಾಳಾಗಲಿ, ನಾನು ಒಗ್ಗಿಸಿಕೊಂಡೇನು. ನಿನ್ನ ಜೊತೆ ಒಗ್ಗಿದವಳು ನಾನು. ಕೊನೆಗೆ ಅವನು ಹೇಳಿದ ಮಾತೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು. “ಇದು ನಿಮ್ಮೊಬ್ಬರ ಕಣ್ಣಿಗೆ ಮಾತ್ರ ಮೇಡಂ, ನಿಮ್ಮ ಕಣ್ಣು ಗಾಜಿನಲ್ಲಿ ಎಲ್ಲಿ ಬರುತ್ತೆ ಅಂತ ಅಳತೆ ತಗೊಂಡು ಮಾಡೋದು. ಮನೇಲಿ ಬೇರೆ ಯಾರೂ ಹಾಕ್ಕೊಳ್ಳೋಕಾಗಲ್ಲ.”

ಗೊತ್ತಾಯಿತಾ? ನಾನು ಅದನ್ನು ಮಾಡಿಸಿಕೊಂಡ ದಿನ ಆ ಮೊಳೆಗೆ ಕೆಲಸವಿಲ್ಲ. ನಿನ್ನ ಸ್ಟೂಲಿಗೂ ಕೆಲಸವಿಲ್ಲ. ನಿನ್ನ ಸ್ಟೂಲಿನ ಮೇಲೆ ಈಗ ಒಗೆಯಬೇಕಾದ ಪರದೆ ಇಟ್ಟಿದ್ದೇನೆ, ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಮೂರು ತಿಂಗಳಿಂದ ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದೇನೆ. ನೀನು ಬರುತ್ತೀಯೋ ಇಲ್ಲವೋ ತಿಳಿಯದೆ ಒಂದು ಗಾಜಿನ ತೀರ್ಮಾನ ಮಾಡಲಾಗದೆ ಎದ್ದು ನಿಂತ ನನ್ನನ್ನು ನೋಡಿ ಆ ಶಿವರಾಜ್, ಈ ಹೆಂಗಸಿಗೆ ದುಡ್ಡಿಲ್ಲ ಎಂದುಕೊಂಡಿರಬೇಕು. ಇದಕ್ಕೂ ನೀನೇ ಕಾರಣ. ಸಾಕಾಯಿತು. ನನಗೊಂದು ಪ್ರೋಗ್ರೆಸಿವ್‌ಗೆ ಆರ್ಡರ್ ಕೊಟ್ಟು ಬಂದಿದ್ದೇನೆ. ಹಳೆಯದನ್ನು ಹುರಿಯ ಸಮೇತ ಕಸದ ಗಾಡಿಗೆ ಹಾಕುತ್ತೇನೆ. ಇಬ್ಬರ ಅಂಗಡಿ ಇನ್ನು ಒಬ್ಬಳದು ಎಂದು ತಿಳಿದುಕೋ.

ಇನ್ನೊಂದು ಸಂಕಟ, ಇದನ್ನು ನೀನು ಕೇಳಲೇಬೇಕು. ಎದುರಿನ ಅಪಾರ್ಟ್‌ಮೆಂಟು ಮೇಲೇರಿದ ಮೇಲೆ ನಮ್ಮ ಹೊಸ್ತಿಲಿಗೆ ಬಿಸಿಲು ಬೀಳುವುದೇ ಸ್ವಲ್ಪ ಹೊತ್ತು. ಹನ್ನೊಂದಾದರೆ ನೆರಳು. “ಕಡು ಬಣ್ಣದ ನೂಲನ್ನ ಟ್ಯೂಬ್‌ಲೈಟಲ್ಲಿ ನಂಬಬೇಡ ಕಣೇ, ಹೊಸ್ತಿಲಿಗೆ ತಂದು ನೋಡು” ಎಂದು ಬಾಯಿ ನೋಯುವಷ್ಟು ಹೇಳುತ್ತಿದ್ದೆಯಲ್ಲ, ಈಗ ಆ ಹೊಸ್ತಿಲು ಅರ್ಧ ದಿನ ಕತ್ತಲು. ಎಲ್ಲ ಬಣ್ಣವನ್ನೂ ಬೆಳಿಗ್ಗೆಯೇ ನೋಡಿ ಮುಗಿಸಬೇಕು. ಆ ಬಿಲ್ಡರಿಗೂ ನಿನಗೂ ಹೆಚ್ಚು ವ್ಯತ್ಯಾಸವಿಲ್ಲ, ಇಬ್ಬರೂ ನನ್ನ ಬೆಳಕಿಗೆ ಅಡ್ಡ ನಿಂತವರು.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಿನಗೆ ನಮಸ್ಕಾರ, ದೊಡ್ಡವಳು ಎನ್ನುವ ಒಂದೇ ಕಾರಣಕ್ಕೆ. ಮಾತ್ರೆ ಮರೆಯಬೇಡ.

ಇಂತಿ,
ನಿನ್ನ ತಂಗಿ (ಅದನ್ನು ನಾನು ಆರಿಸಿಕೊಂಡದ್ದಲ್ಲ)
ಶಾಂತಲಾ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಮನಸ್ಸು ಬರಲಿಲ್ಲ. ಪೋಸ್ಟಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶಿವರಾಜನ ಮೇಜಿನ ಮೇಲೆ ಹರಡಿದ ಉಂಡೆಗಳಲ್ಲಿ ಆ ಮದುವೆ ಸೀರೆಯ ನೂಲೂ ಇತ್ತು. ಗುರುತಿಗೆ ಸೀರೆಯ ಸೆರಗಿನ ಎರಡು ಎಳೆ ಉಂಡೆಗೆ ಸುತ್ತಿಡುವುದು ನಿನ್ನ ಪದ್ಧತಿಯಲ್ಲವೇ, ಅರಿಶಿನ ಎಳೆ ಸುತ್ತಿಕೊಂಡು ಹಾಗೇ ಇತ್ತು. ಅವತ್ತು ಸಿಟ್ಟಿನಲ್ಲಿ ನಾನೇ ಅದನ್ನು ಕಪ್ಪು ನೂಲಿನ ಡಬ್ಬಿಗೆ ಎಸೆದಿದ್ದೆ. ಆ ಕಬ್ಬಿಣದ ಫ್ರೇಮು ಮುಖದ ಮೇಲಿದ್ದಂತೆಯೇ ಉಂಡೆ ಎತ್ತಿಕೊಂಡು ಅವನ ಅಂಗಡಿಯ ಮೆಟ್ಟಿಲಿಗೆ ಬಂದು ಬಿಸಿಲಿಗೆ ಹಿಡಿದೆ. ಮೇಡಂ ಮೇಡಂ ಎಂದು ಅವನು ಹಿಂದೆಯೇ ಓಡಿ ಬಂದ. ಅಕ್ಕಾ, ಅದು ಕಪ್ಪಲ್ಲ. ನೀಲಿ. ಆ ಸೀರೆಯ ಅಂಚಿನದೇ ನೀಲಿ. ನೀನು ಸರಿಯಾಗಿಯೇ ಆರಿಸಿದ್ದೆ. ನಂಬಿಕೆ ಬಾರದೆ ಇವತ್ತು ಬೆಳಿಗ್ಗೆ ನಮ್ಮ ಹೊಸ್ತಿಲಲ್ಲಿ ಮುನಿಯಕ್ಕನ ಕೈಗೆ ಕೊಟ್ಟೆ. ಅವಳೂ ನೀಲಿ ಅಂದಳು. ಯಾರದೋ ಬಾಯಿಗೆ ಹೆದರಿ ನಿನ್ನ ಕೈಯ ನೂಲನ್ನು ನೀನೇ ಕಪ್ಪು ಎಂದೆಯಲ್ಲ, ನಿನ್ನ ಕಣ್ಣು ಹೋಯಿತು ಎಂದು ನೀನೇ ನಂಬಿ ಹೋಗಿ ಕೂತೆಯಲ್ಲ, ಅದಕ್ಕೆ ನನಗೆ ನಿನ್ನ ಮೇಲೆ ಇನ್ನಿಲ್ಲದ ಸಿಟ್ಟು. ನಾನೂ ನಂಬಿದೆನಲ್ಲ, ಅದಕ್ಕೆ ನನ್ನ ಮೇಲೂ. ಆರ್ಡರ್ ಕೊಟ್ಟೆ ಎಂದದ್ದು ಸುಳ್ಳು. ನನಗೊಬ್ಬಳಿಗಾ, ನಿನಗೂ ಸೇರಿ ಎರಡಾ ಎಂದು ಶಿವರಾಜ್ ಕೇಳಿದ, ಶನಿವಾರ ಹೇಳುತ್ತೇನೆ ಎಂದು ಬಂದೆ. ನಿನ್ನದು ನೀನಿಲ್ಲದೆ ಆಗುವುದಿಲ್ಲವಂತೆ. ನೂಲು ಇಲ್ಲೇ ಇದೆ. ಬಂದು ಹೊಸ್ತಿಲಲ್ಲಿ ನಿಂತು ನೋಡು, ನೋಡಿದ ಮೇಲೆ ಎಷ್ಟು ಬೇಕಾದರೂ ಬೈಯಿ. ಹನ್ನೊಂದರೊಳಗೆ ಬಾ, ಆಮೇಲೆ ನೆರಳು ಬೀಳುತ್ತದೆ.