ಸ್ಟ್ರಿಬ್ಲಿಂಗ್‌ಗೆ ನೋಟಿಸು

ಮಂಗಳವಾರ, ಅಕ್ಟೋಬರ್ 14, 1997

ಗಾರ್ಲೆಂಡ್ ಸ್ಟ್ರಿಬ್ಲಿಂಗ್‌ಗೆ ಕಳಿಸಿದ್ದ ನೋಟಿಸು ವಾಪಸ್ ಬಂತು. ಆ ವಿಳಾಸದಲ್ಲಿ ಅವನಿಲ್ಲವಂತೆ. ತೆರಿಗೆ ಕಟ್ಟದ ಅವನ ಹತ್ತಿ ಹೊಲ ಮುಂದಿನ ತಿಂಗಳು ಹರಾಜಿಗಿದೆ. ನಾನೇ ಕೊಂಡು ಅಮ್ಮನ ಹೆಸರಿನ ಬೋರ್ಡು ನೆಡೋಣ ಅಂದರೆ, ನನ್ನ ಹಾಗೆ ಭೂ ಕಚೇರಿಯಲ್ಲಿ ಕೆಲಸ ಮಾಡುವವರು ಅಂಥ ಜಮೀನು ಕೊಳ್ಳುವ ಹಾಗಿಲ್ಲ.

"ಫೈಲಿಗೆ ಹಾಕಿಬಿಡು ವರ್ಲೀನ್, ಯಾರು ಕೇಳ್ತಾರೆ?" ಅಂದ ಪಕ್ಕದ ಮೇಜಿನ ಡೆಲ್ಬರ್ಟ್.

ಪೆದ್ದ. ಮಾಲೀಕನನ್ನು ಹುಡುಕಿ ತಿಳಿಸದಿದ್ದರೆ ಕೋರ್ಟು ಹರಾಜನ್ನೇ ರದ್ದು ಮಾಡುತ್ತೆ, ಹೊಲ ಮತ್ತೆ ಅವನ ಪಾಲಾಗುತ್ತೆ. ನಾನು ಬಿಡ್ತೀನಾ? ಅಲ್ಲಿ ಇಲ್ಲಿ ವಿಚಾರಿಸಿ, ಮಧ್ಯಾಹ್ನವೇ ಅವನ ಮಗಳ ಮನೆಗೆ ಹೋದೆ.

ವರಾಂಡದಲ್ಲಿ ಕೂತಿದ್ದ. ಕುಗ್ಗಿಹೋಗಿದ್ದಾನೆ. ನನ್ನ ಗುರುತು ಸಿಗಲಿಲ್ಲ. ನೋಟಿಸು ಓದಿ, "ಎಷ್ಟು ದಿನ ಟೈಮಿದೆಯಮ್ಮ?" ಅಂದ.

"ಬಾಕಿ ತೆರಿಗೆ ಕಟ್ಟೋಕೆ ಮೂವತ್ತು ದಿನ. ನಿಮ್ಮ ಬಾಡಿಗೆ ಮನೆ ಬಿಡೋಕೆ ನಮ್ಮಮ್ಮ ಒಝೆಲ್ಲಾಗೆ ನೀವು ಒಂದೇ ಗಂಟೆ ಕೊಟ್ಟಿದ್ರಿ, ಸಾರ್. ಕರಿಯಳಾಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ಲು ಅಂತ."

ಸಹಿಗೆ ಅಂತ ಪೆನ್ನು ತೆಗೆದುಕೊಂಡವನು ತಲೆಯೆತ್ತಿ ನನ್ನನ್ನೇ ನೋಡಿದ. "ಅವತ್ತು ಹೊಲಿಗೆ ಮಷೀನು ಹೊತ್ಕೊಂಡು ಹೋದ ಹುಡುಗಿ ನೀನಾ?"

"ಹೌದು. ಸಹಿ ಇಲ್ಲಿ ಮಾಡಿ."

ಮಾಡಿದ. ದಾರಿಯುದ್ದಕ್ಕೂ ಕಾರಿನಲ್ಲಿ ಗಟ್ಟಿಯಾಗಿ ಹಾಡಿಕೊಂಡು ಬಂದೆ. ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಮೂವತ್ತು ದಿನವೂ ಅವನಿಗೆ ನಿದ್ದೆ ಬಾರದಿರಲಿ. ಅಮ್ಮ ಇದ್ದಿದ್ದರೆ ನನ್ನ ಬೈಯುತ್ತಿದ್ದಳೋ, ಇಲ್ಲಾ ಪಕ್ಕದಲ್ಲೇ ಕೂತು ನನ್ನ ಜೊತೆ ಹಾಡುತ್ತಿದ್ದಳೋ, ಗೊತ್ತಿಲ್ಲ.